ಅರಗು, ಹರಳು, ಕೈಯಳತೆ: ಹೈದರಾಬಾದಿನ ಲಾಡ್ ಬಜಾರ್

ಲಾಡ್ ಬಜಾರ್ ಹೈದರಾಬಾದಿನ ಹಳೆಯ ನಗರದ ಬಳೆಪೇಟೆ. ಚಾರ್‌ಮಿನಾರ್‌ನ ಪಶ್ಚಿಮ ಬದಿಯಿಂದ ಹೊರಟು ಮೆಹಬೂಬ್ ಚೌಕದ ಗಡಿಯಾರ ಗೋಪುರದ ಕಡೆಗೆ ಸಾಗುವ ಈ ಬೀದಿಯ ಉದ್ದ ಸುಮಾರು ಒಂದು ಕಿಲೋಮೀಟರ್. ಚೂಡಿ ಬಜಾರ್ ಎಂದೂ ಇದನ್ನು ಕರೆಯುವುದುಂಟು. ಎರಡೂ ಬದಿಗೆ ಒತ್ತೊತ್ತಾಗಿ ನಿಂತ ಅಂಗಡಿಗಳಲ್ಲಿ ಗಾಜಿನ ಬಳೆ, ಲೋಹದ ಬಳೆ ಎಲ್ಲವೂ ಸಿಗುತ್ತವೆ. ಆದರೆ ಬೀದಿಗೆ ಹೆಸರು ತಂದದ್ದು ಹರಳು ಕೂರಿಸಿದ ಅರಗಿನ ಬಳೆ. ಅದು ತಯಾರಾಗುವುದು ಅಂಗಡಿಗಳ ಹಿಂದಿನ ಗಲ್ಲಿಗಳಲ್ಲಿ, ಹಳೆಯ ನಗರದ ಮನೆಗಳಲ್ಲಿ, ಕೆಲವೊಮ್ಮೆ ಅಂಗಡಿಯ ಹೊಸ್ತಿಲಲ್ಲೇ. ಮಾಡುವ ಕೈಗೂ ತೊಡುವ ಕೈಗೂ ನಡುವೆ ಒಂದೆರಡು ಬೀದಿಗಳಷ್ಟೇ ಅಂತರ. ದೊಡ್ಡ ನಗರಗಳ ಪೇಟೆಗಳಿಂದ ಮರೆಯಾಗಿರುವ ಈ ಸಾಮೀಪ್ಯವೇ ಲಾಡ್ ಬಜಾರಿನ ನಿಜವಾದ ಬಂಡವಾಳ. ಇಲ್ಲಿ ಏನು ಸಿಗುತ್ತದೆ, ಯಾವ ಬೆಲೆಗೆ ಸಿಗುತ್ತದೆ, ಗಿರಾಕಿಯ ಅನುಭವ ಹೇಗಿರುತ್ತದೆ ಎಂಬುದೆಲ್ಲ ಅದನ್ನೇ ಅವಲಂಬಿಸಿದೆ.

ಗೋಲ್ಕೊಂಡದ ಕೋಟೆ ಕಿಕ್ಕಿರಿದಾಗ ಕುತುಬ್‌ಶಾಹಿ ಸುಲ್ತಾನ ಮುಹಮ್ಮದ್ ಕುಲಿ 1591ರಲ್ಲಿ ಮೂಸಿ ನದಿಯ ದಕ್ಷಿಣ ದಡದಲ್ಲಿ ಹೊಸ ನಗರಕ್ಕೆ ಅಡಿಪಾಯ ಹಾಕಿದ. ನಡುವೆ ಚಾರ್‌ಮಿನಾರ್, ಅದರಿಂದ ನಾಲ್ಕು ದಿಕ್ಕಿಗೆ ನಾಲ್ಕು ರಸ್ತೆ. ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಚಾರ್ ಕಮಾನ್ ಎಂಬ ನಾಲ್ಕು ಹೆಬ್ಬಾಗಿಲುಗಳು, ಅವುಗಳ ಮಧ್ಯೆ ಗುಲ್ಜಾರ್ ಹೌಜ್ ಎಂಬ ನೀರಿನ ಕೊಳ. ಅರಮನೆ, ಮಸೀದಿಗಳ ಜೊತೆಗೇ ಅಂಗಡಿ ಸಾಲುಗಳಿಗೂ ಜಾಗ ಗುರುತಿಸಿದ ನಗರ ಇದು. ಗೋಲ್ಕೊಂಡದ ವಜ್ರ ಲೋಕದೆಲ್ಲೆಡೆ ಹೆಸರಾಗಿದ್ದ ಕಾಲದಲ್ಲಿ ಇಲ್ಲಿಗೆ ಬಂದ ಫ್ರೆಂಚ್ ವರ್ತಕ ತಾವೆರ್ನಿಯೆ ಈ ನಗರವನ್ನು ತನ್ನ ಪ್ರವಾಸ ಕಥನದಲ್ಲಿ ವರ್ಣಿಸಿದ್ದಾನೆ. ಮುಂದೆ ಆಸಫ್‌ಜಾಹಿ ನಿಜಾಮರು ಚಾರ್‌ಮಿನಾರ್‌ಗೆ ಹತ್ತಿರದಲ್ಲೇ ಚೌಮಹಲ್ಲಾ ಅರಮನೆ ಕಟ್ಟಿಕೊಂಡರು. ಅರಮನೆಯ ಜನಾನಾ, ಸರದಾರರ ದೇವಡಿಗಳು, ಅವುಗಳ ಮದುವೆ ಮುಂಜಿ ಇವೆಲ್ಲ ಬಳೆ, ಮುತ್ತು, ಜರತಾರಿಗೆ ಹತ್ತಿರದ ಗಿರಾಕಿಗಳಾದವು. ಲಾಡ್ ಬಜಾರಿನ ಬಳೆಯಲ್ಲಿ ಇಂದಿಗೂ ಕಾಣುವ ದಟ್ಟ ಅಲಂಕಾರ ಆ ದರಬಾರಿನ ಅಭಿರುಚಿಯಿಂದ ಬಂದದ್ದು.

ಕನ್ನಡ ನಾಡಿಗೂ ಈ ಪೇಟೆಗೂ ಇರುವ ನಂಟು ಹಳೆಯದು. ಆಗಿನ ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳು, ಎಂದರೆ ಇಂದಿನ ಯಾದಗಿರಿ, ಕೊಪ್ಪಳವೂ ಸೇರಿದ ಸೀಮೆ, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದ ಮೇಲೆ ರಾಜಧಾನಿಯ ಪೇಟೆ ಇನ್ನಷ್ಟು ಹತ್ತಿರವಾಯಿತು. ಕಚೇರಿ ಕೆಲಸಕ್ಕೆ, ಓದಿಗೆ, ಔಷಧಕ್ಕೆ ಹೋದ ಜನ ಮದುವೆಯ ಸಾಮಾನನ್ನೂ ಅಲ್ಲಿಂದಲೇ ತರುತ್ತಿದ್ದರು. ರಾಜ್ಯದ ಗಡಿ ಬದಲಾಯಿತು, ಈ ರೂಢಿ ಬದಲಾಗಲಿಲ್ಲ. ಬೀದರಿನಿಂದ ಹೈದರಾಬಾದ್ ಸುಮಾರು 140 ಕಿಲೋಮೀಟರ್. ಆ ಭಾಗದ ಕುಟುಂಬಗಳಿಗೆ ಮದುವೆಯ ಜವಳಿ ತರಲು ಬೆಂಗಳೂರಿಗಿಂತ ಹೈದರಾಬಾದೇ ಸಮೀಪ. ಹುಡುಗಿಯ ತಾಯಿ, ಚಿಕ್ಕಮ್ಮ, ಸೋದರತ್ತೆ, ಜೊತೆಗೆ ಬೆಲೆ ಮಾತಾಡಲು ಗಟ್ಟಿಯಾದ ಒಬ್ಬ ಹಿರಿಯಳು: ಇಂಥ ಗುಂಪು ಬೆಳಗಿನ ಬಸ್ಸಿಗೆ ಹತ್ತಿ, ಸಂಜೆಗೆ ಚೀಲ ತುಂಬಿಕೊಂಡು ಮರಳುವುದು ಕಲ್ಯಾಣ ಕರ್ನಾಟಕದಲ್ಲಿ ಮದುವೆ ತಯಾರಿಯ ಒಂದು ಭಾಗವೇ ಆಗಿದೆ.

ಕರ್ನಾಟಕದ ಬಸ್ಸುಗಳು ಬಂದು ನಿಲ್ಲುವ ಮಹಾತ್ಮಾ ಗಾಂಧಿ ಬಸ್ ನಿಲ್ದಾಣ ಮೂಸಿ ನದಿಗೆ ತಗುಲಿಕೊಂಡೇ ಇದೆ. ಅಲ್ಲಿಂದ ಅಫ್ಜಲ್‌ಗಂಜ್ ದಾಟಿ, ನಯಾಪುಲ್ ಸೇತುವೆಯ ಮೇಲೆ ನದಿ ದಾಟಿದರೆ ಮದೀನಾ ವೃತ್ತ. ಮುಂದೆ ಪತ್ತರ್‌ಗಟ್ಟಿ, ಗುಲ್ಜಾರ್ ಹೌಜ್, ಚಾರ್‌ಮಿನಾರ್. ಈ ದಾರಿಯನ್ನು ನಡೆದೇ ಹೋಗುವುದು ಒಳ್ಳೆಯದು. ಚಾರ್‌ಮಿನಾರ್ ಸುತ್ತ ವಾಹನಗಳನ್ನು ತಡೆದು ಕಲ್ಲು ಹಾಸಿದ್ದಾರೆ, ಹೇಗೂ ಕೊನೆಯ ಭಾಗವನ್ನು ನಡೆಯಲೇಬೇಕು. ಅದಕ್ಕಿಂತ ಮುಖ್ಯವಾದ ಕಾರಣ, ಈ ಪೇಟೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮದುವೆ ಹುಡುಗಿಗೆ ಬೇಕಾದದ್ದು ಬಟ್ಟೆಯಿಂದ ಶುರುವಾಗಿ ಮುತ್ತು, ಚಿನ್ನ, ಅತ್ತರು ದಾಟಿ ಬಳೆಗೆ ಬಂದು ನಿಲ್ಲುವ ಹಾಗೆ ಅಂಗಡಿಗಳು ದಾರಿಯುದ್ದಕ್ಕೂ ಹರಡಿವೆ. ಬಳೆ ಕೊನೆಗೆ ಬರುವುದರಲ್ಲಿ ಅರ್ಥವಿದೆ. ಸೀರೆಯ ಬಣ್ಣ ಗೊತ್ತಾಗದೆ ಬಳೆಯ ಬಣ್ಣ ಹೇಳುವುದು ಕಷ್ಟ.

ದಾರಿಯಲ್ಲಿ ಪತ್ತರ್‌ಗಟ್ಟಿಯನ್ನು ನಿಂತು ನೋಡಬೇಕು. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಹರಿದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು, ನಗರದ ದೊಡ್ಡ ಭಾಗವನ್ನು ಕೆಡವಿತು. ಆ ಅನಾಹುತದ ನಂತರ, 1912ರಲ್ಲಿ, ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಆಳ್ವಿಕೆಯಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಇಕ್ಕಟ್ಟಾಗಿದ್ದ ರಸ್ತೆಯನ್ನು ಅಗಲ ಮಾಡಿ, ಎರಡೂ ಬದಿಗೆ ಕೆತ್ತಿದ ಕಣಶಿಲೆಯ ಕಮಾನು ಸಾಲು ಎಬ್ಬಿಸಿ, ಕೆಳಗೆ ಅಂಗಡಿ ಮೇಲೆ ಮನೆ ಎಂಬ ಕ್ರಮದಲ್ಲಿ ಪತ್ತರ್‌ಗಟ್ಟಿಯನ್ನು ಕಟ್ಟಿಸಿದ್ದು ಈ ಮಂಡಳಿ. ಕಮಾನುಗಳ ಕೆಳಗಿನ ನೆರಳು ಗಿರಾಕಿಗಾಗಿಯೇ ಬಿಟ್ಟದ್ದು. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ, ಮದುವೆ ಹಂಗಾಮು ಜೋರಾಗಿರುವಾಗ, ಆ ನೆರಳಿನ ಬೆಲೆ ಗೊತ್ತಾಗುತ್ತದೆ. ಇಂದು ಫಲಕಗಳೂ ತಂತಿಗಳೂ ಕಲ್ಲಿನ ಕೆಲಸವನ್ನು ಬಹುಪಾಲು ಮುಚ್ಚಿಹಾಕಿವೆ. ದಕ್ಷಿಣ ಭಾರತದ ಅತ್ಯಂತ ಚಂದದ ಅಂಗಡಿ ಬೀದಿಗಳಲ್ಲಿ ಒಂದಾಗಬಹುದಾದ ಇದನ್ನು ಹೀಗೆ ಬಿಟ್ಟಿರುವುದು ನೋಯಿಸುವ ಸಂಗತಿ.

ಪತ್ತರ್‌ಗಟ್ಟಿಯಿಂದ ಗುಲ್ಜಾರ್ ಹೌಜ್‌ವರೆಗೆ ಮುತ್ತಿನ ಅಂಗಡಿಗಳದೇ ಭರಾಟೆ. ಕಡಲಿನಿಂದ ದೂರವಿರುವ ಈ ಊರು ಮುತ್ತಿನ ನಗರವಾದದ್ದು ನಿಜಾಮರ ಒಲವಿನಿಂದ. ಪರ್ಷಿಯನ್ ಕೊಲ್ಲಿಯ ಬಸ್ರಾ ಮುತ್ತು ಇಲ್ಲಿಗೆ ಬಂದು, ಇಲ್ಲಿನ ಕೆಲಸಗಾರರ ಕೈಯಲ್ಲಿ ತೂತು ಕೊರೆಸಿಕೊಂಡು, ಬಿಳುಪುಗೊಂಡು, ಸರವಾಗುತ್ತಿತ್ತು. ಇಂದು ಬರುವುದರಲ್ಲಿ ಹೆಚ್ಚಿನದು ಚೀನಾದ ಸಿಹಿನೀರಿನ ಕೃಷಿ ಮುತ್ತು. ಕೊರೆಯುವ, ಹೊಂದಿಸುವ, ಪೋಣಿಸುವ ಜಾಣ್ಮೆ ಮಾತ್ರ ಈ ಊರಿನದೇ. ಹಲ್ಲಿನ ತುದಿಗೆ ಮೆಲ್ಲಗೆ ಉಜ್ಜಿದಾಗ ಮರಳಿನಂತೆ ತರಿತರಿಯಾಗಿ ತಾಗಿದರೆ ಮುತ್ತು, ನುಣ್ಣಗೆ ಜಾರಿದರೆ ಗಾಜು ಅಥವಾ ಪ್ಲಾಸ್ಟಿಕ್ ಎಂಬ ಪರೀಕ್ಷೆಯನ್ನು ಅಂಗಡಿಯವರೇ ತೋರಿಸಿಕೊಡುತ್ತಾರೆ. ಹಳೆಯ ನಗರದ ಕರಕುಶಲ ಅಂಗಡಿಗಳಲ್ಲಿ ಬಿದರಿಯ ಹೂಜಿ, ತಟ್ಟೆಗಳೂ ಕಾಣಿಸುತ್ತವೆ. ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಹೊಳಪು ಪಡೆಯುವ ಆ ಕಲೆ ನಿಜಾಮರ ರಾಜಧಾನಿಯಲ್ಲೂ ಬೇರು ಬಿಟ್ಟದ್ದು ಬೀದರಿನ ಕಸಬುದಾರರಿಂದ.

ಚಾರ್‌ಮಿನಾರ್ ಬಳಿ ಬಲಕ್ಕೆ ತಿರುಗಿದರೆ ಲಾಡ್ ಬಜಾರ್. ಇಲ್ಲಿ ಕಾಣುವ ಬಳೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಅರಗನ್ನು ತಿಳಿಯಬೇಕು. ಅರಗು ಮರದ ಅಂಟಲ್ಲ, ಒಂದು ಕೀಟದ ಸೃಷ್ಟಿ. ಮುತ್ತುಗ, ಬೋರೆ, ಸಾಗಡೆ ಮರಗಳ ಎಳೆಯ ಕೊಂಬೆಗಳ ಮೇಲೆ ಸಾಸಿವೆಗಿಂತ ಚಿಕ್ಕ ಮರಿಗಳು ಗುಂಪಾಗಿ ನೆಲೆಯೂರಿ, ರಸ ಹೀರುತ್ತ, ಮೈಯಿಂದ ರಾಳ ಸೂಸಿ ತಮ್ಮ ಸುತ್ತ ಹೊದಿಕೆ ಕಟ್ಟಿಕೊಳ್ಳುತ್ತವೆ. ಆ ಹೊದಿಕೆಗಳು ಒಂದಕ್ಕೊಂದು ಕೂಡಿ ಕೊಂಬೆಯ ಮೇಲೆ ಗಟ್ಟಿ ತೊಗಟೆಯಂತೆ ನಿಲ್ಲುತ್ತವೆ. ಕೊಂಬೆ ಕಡಿದು, ತೊಗಟೆ ಕೆರೆದು, ಪುಡಿ ಮಾಡಿ ತೊಳೆದರೆ ಕೆಂಪು ಬಣ್ಣ ನೀರಿಗೆ ಬಿಡುತ್ತದೆ. ಉಳಿದ ಕಾಳನ್ನು ಕರಗಿಸಿ ಸೋಸಿದರೆ ಅರಗು. ದೇಶದ ಅರಗಿನಲ್ಲಿ ಬಹುಪಾಲು ಜಾರ್ಖಂಡ್, ಛತ್ತೀಸ್‌ಗಢ, ಮಧ್ಯಪ್ರದೇಶ, ಪಶ್ಚಿಮ ಬಂಗಾಳದ ಕಾಡಂಚಿನ ಹಳ್ಳಿಗಳಿಂದ ಬರುತ್ತದೆ. ಅದರ ಅಧ್ಯಯನಕ್ಕೆಂದೇ 1924ರಲ್ಲಿ ರಾಂಚಿಯ ಬಳಿ ಸಂಶೋಧನಾ ಸಂಸ್ಥೆ ಶುರುವಾಯಿತು.

ಕನ್ನಡಿಗರಿಗೆ ಅರಗು ಹೊಸದಲ್ಲ. ಪಾಂಡವರನ್ನು ಸುಡಲು ಕಟ್ಟಿದ ಅರಗಿನ ಮನೆಯ ಕಥೆ ಎಲ್ಲರಿಗೂ ಗೊತ್ತು. ಚನ್ನಪಟ್ಟಣದ ಗೊಂಬೆಗೆ ಬಣ್ಣವನ್ನೂ ಹೊಳಪನ್ನೂ ಕೊಡುವುದು ಅರಗಿನ ಕಡ್ಡಿ. ಮತದಾನದ ಶಾಯಿಗೆ ಹೆಸರಾದ ಮೈಸೂರಿನ ಕಾರ್ಖಾನೆ 1937ರಲ್ಲಿ ಶುರುವಾದದ್ದು ಮೈಸೂರ್ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂದೇ. ಹಳೆಯ ಗ್ರಾಮಫೋನ್ ತಟ್ಟೆಗಳೂ ಅರಗಿನವೇ. ಪ್ಲಾಸ್ಟಿಕ್ ಬಂದು ಆ ಗಿರಾಕಿಯನ್ನು ಕಸಿದುಕೊಂಡಿತು. ಬಳೆಗೆ ಅರಗು ಒಗ್ಗುವುದಕ್ಕೆ ಅದರ ಗುಣವೇ ಕಾರಣ. ಸುಮಾರು 75ರಿಂದ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕರಗುತ್ತದೆ. ಕೆಂಡದ ಮೇಲೆ ಬೇಗ ಮೆತ್ತಗಾಗುತ್ತದೆ, ಬೆರಳಿಗೆ ಬಗ್ಗುತ್ತದೆ, ಗಾಳಿಗೆ ಹಿಡಿದ ಕೆಲವೇ ಕ್ಷಣದಲ್ಲಿ ಬಿಗಿಯುತ್ತದೆ. ಬಿಗಿಯುವ ಮುನ್ನ ಅದರೊಳಗೆ ಒತ್ತಿದ ಹರಳನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಕೆಲಸಗಾರನ ಕೌಶಲವೆಲ್ಲ ಆ ಕೆಲವು ಕ್ಷಣಗಳಲ್ಲೇ ಇದೆ.

ಕೆಲಸ ಹೀಗೆ ನಡೆಯುತ್ತದೆ. ಅರಗನ್ನು ಕಲ್ಲಿನ ಪುಡಿಯ ಜೊತೆ ಕಾಯಿಸಿ, ಚಪಾತಿ ಹಿಟ್ಟಿನ ಹದಕ್ಕೆ ನಾದುತ್ತಾರೆ. ಪುಡಿ ಸೇರದಿದ್ದರೆ ಬಳೆ ಬೇಸಿಗೆಗೇ ಸೊಟ್ಟಗಾದೀತು. ಹೆಚ್ಚಾದರೆ ಬಿದ್ದ ಕೂಡಲೇ ಚೂರಾದೀತು. ಆ ಮುದ್ದೆಯನ್ನು ಕೋಲಿನ ತುದಿಗೆ ಮೆತ್ತಿಕೊಂಡು, ಕೆಂಡದ ಮೇಲೆ ತಿರುಗಿಸುತ್ತ, ಬೇಕಾದ ಬಣ್ಣದ ಅರಗನ್ನು ಮೇಲ್ಪದರವಾಗಿ ಸವರುತ್ತಾರೆ. ನಂತರ ಬಿಸಿ ತಗಡಿನ ಮೇಲಿಟ್ಟು ಮರದ ಹಿಡಿಕೆಯಿಂದ ಉರುಳಿಸಿ ಸಮನಾದ ಸರಳು ಮಾಡಿ, ಬೇಕಾದ ಉದ್ದಕ್ಕೆ ಕತ್ತರಿಸಿ, ಬಾಗಿಸಿ, ತುದಿಗಳನ್ನು ಬಿಸಿಯಲ್ಲೇ ಬೆಸೆಯುತ್ತಾರೆ. ಒಂದು ತುದಿಯಿಂದ ಇನ್ನೊಂದಕ್ಕೆ ಸಣ್ಣಗಾಗುತ್ತ ಹೋಗುವ ಮರದ ಗೂಟಕ್ಕೆ ಏರಿಸಿದಾಗ ಬಳೆಗೆ ಗುಂಡಗಿನ ಆಕಾರವೂ ನಿಖರವಾದ ಅಳತೆಯೂ ಬರುತ್ತದೆ. ಹೆಚ್ಚು ದಿನ ಬಾಳಬೇಕಾದ ಬಳೆಗೆ ಒಳಗಡೆ ತೆಳು ಲೋಹದ ಉಂಗುರ ಕೊಡುತ್ತಾರೆ. ಅರಗು ಅದರ ಮೇಲೆ ಕೂರುತ್ತದೆ. ಗುಂಡಗಿನ ಬಳೆಯ ತನಕ ಹೆಚ್ಚಾಗಿ ಗಂಡಸರ ಕೆಲಸ, ಕುಲುಮೆಯ ಮುಂದಿನ ಕೆಲಸ.

ಹರಳಿನ ಕೆಲಸ ಅಲ್ಲಿಂದ ಮುಂದಿನದು, ಅದರ ಬಹುಪಾಲು ಹೆಂಗಸರದು. ಬಳೆಯನ್ನು ತುಸು ಬಿಸಿ ಮಾಡಿ, ಚಿಮಟದಿಂದ ಒಂದೊಂದೇ ಹರಳೆತ್ತಿ ಮೆತ್ತಗಾದ ಅರಗಿಗೆ ಒತ್ತುತ್ತಾರೆ. ಗಾಜಿನ ಹರಳು, ಕನ್ನಡಿ ಚೂರು, ಮಣಿ, ಚಿನ್ನದ ಬಣ್ಣದ ಸರಿಗೆ ಯಾವುದಾದರೂ ಸರಿ, ಸಾಲು ಸೊಟ್ಟಗಾಗಬಾರದು, ಆಳ ಒಂದೇ ಇರಬೇಕು. ಅರಗು ಹೆಚ್ಚು ಕಾದರೆ ಹರಳು ಮುಳುಗುತ್ತದೆ, ಕಡಿಮೆಯಾದರೆ ನಿಲ್ಲುವುದಿಲ್ಲ. ಒಂದು ದಟ್ಟವಾದ ಮದುವೆ ಬಳೆಗೆ ನೂರಾರು ಹರಳು ಬೇಕು. ಹಳೆಯ ನಗರದ ಎಷ್ಟೋ ಮನೆಗಳಲ್ಲಿ ಅಡುಗೆ, ಮಕ್ಕಳ ಕೆಲಸ ಮುಗಿಸಿಕೊಂಡು ಹೆಂಗಸರು ಈ ಕೆಲಸಕ್ಕೆ ಕೂರುತ್ತಾರೆ. ಕೂಲಿ ಜೋಡಿಯ ಲೆಕ್ಕದಲ್ಲಿ. ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಬೆಲೆ ಕೇಳುವವರು ಈ ಕೂತು ಮಾಡಿದ ತಾಸುಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಚೌಕಾಸಿಯ ಧಾಟಿಯೇ ಬದಲಾಗುತ್ತದೆ.

ಅಂಗಡಿಗೆ ಕಾಲಿಟ್ಟ ಗಿರಾಕಿಗೆ ಎದುರಾಗುವ ಮೊದಲ ಪ್ರಶ್ನೆ ಅಳತೆಯದು. ಎರಡು ನಾಲ್ಕು, ಎರಡು ಆರು, ಎರಡು ಎಂಟು, ಎರಡು ಹತ್ತು: ಈ ಮಾತು ಬಳೆಪೇಟೆಗಳಲ್ಲೆಲ್ಲ ಒಂದೇ. 2.8 ಆದ ಮೇಲೆ 2.10 ಬರುವುದನ್ನು ಕಂಡು ಗಲಿಬಿಲಿಗೊಳ್ಳುವವರಿದ್ದಾರೆ. ಇದು ದಶಮಾಂಶವಲ್ಲ, ಇಂಚಿನ ಹದಿನಾರನೆಯ ಪಾಲಿನ ಲೆಕ್ಕ. ರೂಪಾಯಿಗೆ 16 ಆಣೆ ಇದ್ದ ಕಾಲದ ಎಣಿಕೆಗೆ ಹೊಂದುವ ಕ್ರಮ. ಎರಡು ನಾಲ್ಕು ಎಂದರೆ ಎರಡು ಇಂಚು ಮತ್ತು ಹದಿನಾರರಲ್ಲಿ ನಾಲ್ಕು ಪಾಲು, ಅಂದರೆ ಎರಡೂಕಾಲು ಇಂಚು, ಸುಮಾರು 57 ಮಿಲಿಮೀಟರ್. ಎರಡು ಆರು ಸುಮಾರು 60, ಎರಡು ಎಂಟು ಎರಡೂವರೆ ಇಂಚು ಅಥವಾ 63.5, ಎರಡು ಹತ್ತು ಸುಮಾರು 67 ಮಿಲಿಮೀಟರ್. ಇದು ಬಳೆಯ ಒಳಗಿನ ಅಡ್ಡಳತೆ. ಮನೆಯಲ್ಲಿ ಸರಿಹೋಗುವ ಒಂದು ಬಳೆಯನ್ನು ಸ್ಕೇಲಿನ ಮೇಲಿಟ್ಟು ಒಳಅಂಚಿನಿಂದ ಒಳಅಂಚಿಗೆ ಅಳೆದರೆ ಸಾಕು. ಗಾಜಿನ ಬಳೆಯನ್ನು ಬಳೆಗಾರ ಕೈ ಹಿಸುಕಿ ಹಿಸುಕಿ ಏರಿಸುತ್ತಾನೆ. ಅರಗಿನ ಬಳೆ ದಪ್ಪ, ಒತ್ತಡಕ್ಕೆ ಬಿರುಕು ಬಿಡುವಂಥದ್ದು. ಆದ್ದರಿಂದ ಗಾಜಿನಲ್ಲಿ ಎರಡು ನಾಲ್ಕು ತೊಡುವವರು ಅರಗಿನಲ್ಲಿ ಎರಡು ಆರು ನೋಡುವುದು ವಾಸಿ. ಮದುಮಗಳ ಬಳೆಯನ್ನು ಅವಳಿಲ್ಲದೆ ಕೊಳ್ಳುವವರು ಅವಳ ಹಳೆಯ ಬಳೆಯೊಂದನ್ನು ಚೀಲದಲ್ಲಿಟ್ಟುಕೊಂಡು ಬರುವುದು ಅನುಭವಸ್ಥರ ಕ್ರಮ. ಜೊತೆಗೆ ಸೀರೆಯ ಅಂಚಿನ ಒಂದು ತುಣುಕು, ಇಲ್ಲವೇ ಕುಪ್ಪಸದ ಬಟ್ಟೆ. ಕೆಲವು ಅಂಗಡಿಗಳಲ್ಲಿ ಬಾಗಿಲಲ್ಲೇ ಕುಲುಮೆ ಇಟ್ಟುಕೊಂಡ ಕಸಬುದಾರ ಬಣ್ಣ ಹೊಂದಿಸಿ, ಬೇಕೆಂದರೆ ಹೆಸರಿನ ಅಕ್ಷರವನ್ನೂ ಕೂರಿಸಿ, ಗಿರಾಕಿಯ ಎದುರಿನಲ್ಲೇ ಬಳೆ ಮುಗಿಸಿಕೊಡುತ್ತಾನೆ. ಲಾಡ್ ಬಜಾರಿಗೆ ಬಂದವರು ಇದೊಂದನ್ನು ತಪ್ಪದೆ ನೋಡಬೇಕು.

ಹೈದರಾಬಾದಿನ ಮುಸ್ಲಿಂ ಮದುವೆಗಳಲ್ಲಿ ಹರಳಿನ ಅರಗು ಬಳೆಗೆ ಗೋಟ್ ಎಂದು ಹೆಸರು. ಅದರ ಜೊತೆ ಚಿನ್ನದ ಬಣ್ಣದ ಗಾಜಿನ ಬಳೆ, ಸೋನಾಬಾಯಿ, ತೊಡಿಸುತ್ತಾರೆ. ಎರಡೂ ಸೇರಿದರೇ ಮದುಮಗಳ ಜೋಡಾ ಪೂರ್ತಿ. ಕನ್ನಡ ಮನೆಗಳ ಕ್ರಮ ಬೇರೆ. ಹಸಿರು ಗಾಜಿನ ಬಳೆ ಇಡಿಸುವ ಶಾಸ್ತ್ರಕ್ಕೆ ಅರಗಿನ ಬಳೆ ಬದಲಿಯಲ್ಲ. ಹಸಿರು ಬಳೆಗಳ ಎರಡು ಬದಿಗೆ ಕಾವಲಿನ ಹಾಗೆ ಒಂದೊಂದು ಹರಳಿನ ಬಳೆ ಏರಿಸಿ ಆರತಕ್ಷತೆಗೆ ಸಿದ್ಧವಾಗುವುದು ಈಗ ಸಾಮಾನ್ಯ. ಅಂಗಡಿಯವರಿಗೆ ಇದು ಗೊತ್ತು. ಕಲಬುರಗಿಯ ಕಡೆಯವರು ಬಂದರೆ ಹಸಿರಿಗೆ ಹೊಂದುವ ಡಬ್ಬಿಗಳನ್ನೇ ಮೊದಲು ತೆರೆಯುತ್ತಾರೆ.

ಮಾತು ನಡೆಯುವುದು ದಖ್ಖನಿಯಲ್ಲಿ. ‘ಆವೋ ಬಾಜಿ’ ಎಂದು ಕರೆಯುವ ಅಂಗಡಿಯವನಿಗೆ ‘ನಕ್ಕೋ’ ಎನ್ನುವುದು ಬೀದರ್, ಕಲಬುರಗಿ, ರಾಯಚೂರಿನವರಿಗೆ ಹುಟ್ಟುಭಾಷೆಯಷ್ಟೇ ಸಲೀಸು. ಬೆಂಗಳೂರು, ಮೈಸೂರಿನಿಂದ ಬಂದವರು ಹಿಂದಿಯಲ್ಲಿ ನಿಭಾಯಿಸುತ್ತಾರೆ. ಬೆಲೆಯಲ್ಲಿ ಮೊದಲು ಕೇಳಿ ಖಚಿತಪಡಿಸಿಕೊಳ್ಳಬೇಕಾದದ್ದು ಹೇಳಿದ ಮೊತ್ತ ಜೋಡಿಗೋ, ನಾಲ್ಕಕ್ಕೋ, ಡಬ್ಬಿಗೋ ಎಂಬುದನ್ನು. ತಕರಾರು ಹುಟ್ಟುವುದು ಹೆಚ್ಚಾಗಿ ಇಲ್ಲೇ. ಸಾದಾ ಜೋಡಿ ನೂರಿನ್ನೂರು ರೂಪಾಯಿಗೂ ಸಿಗುತ್ತದೆ, ಕೈಕೆಲಸ ದಟ್ಟವಾಗಿರುವ ಮದುವೆಯ ಸೆಟ್ಟು ಸಾವಿರಗಳ ಲೆಕ್ಕಕ್ಕೆ ಹೋಗುತ್ತದೆ. ನಾಲ್ಕಾರು ಅಂಗಡಿ ನೋಡಿ, ಒಂದೇ ಮಾದರಿಗೆ ಬೆಲೆ ಕೇಳಿಕೊಂಡು, ನಂತರ ಒಂದು ಕಡೆ ಕೂತು ಎಲ್ಲವನ್ನೂ ಒಟ್ಟಿಗೆ ಕೊಳ್ಳುವುದೇ ಫಲ ಕೊಡುವ ದಾರಿ. ಡಜನ್‌ಗಟ್ಟಲೆ ಕೊಳ್ಳುವವರಿಗೆ, ನೆಂಟರಿಗೆ ಹಂಚಲು ಬಾಗಿನದ ಬಳೆ ಕೊಳ್ಳುವವರಿಗೆ, ಸಗಟು ಬೆಲೆ ಬೇರೆಯೇ ಇರುತ್ತದೆ.

ಹೊತ್ತಿನ ವಿಷಯದಲ್ಲೂ ಸ್ವಲ್ಪ ಯೋಚನೆ ಬೇಕು. ಅಂಗಡಿಗಳು ಹೊತ್ತೇರಿದ ಮೇಲೆ ತೆರೆಯುತ್ತವೆ, ರಾತ್ರಿಯವರೆಗೆ ನಡೆಯುತ್ತವೆ. ಶುಕ್ರವಾರ ಮಧ್ಯಾಹ್ನ ಪಕ್ಕದ ಮಕ್ಕಾ ಮಸೀದಿಯಲ್ಲಿ ನಮಾಜಿಗೆ ಜನ ಸೇರುವುದರಿಂದ ಆ ಕೆಲವು ತಾಸು ಬಿಟ್ಟು ಬರುವುದು ಅನುಕೂಲ. ರಂಜಾನ್ ತಿಂಗಳಲ್ಲಿ, ಅದರಲ್ಲೂ ಕೊನೆಯ ಹತ್ತು ದಿನ, ಪೇಟೆ ಬೆಳಗಿನ ಜಾವದವರೆಗೆ ಎಚ್ಚರವಿರುತ್ತದೆ. ಬೆಳಕು, ಅತ್ತರಿನ ಘಮ, ಹಲೀಮಿನ ಹಂಡೆಗಳ ಹಬೆಯ ನಡುವೆ ಆ ರಾತ್ರಿಗಳನ್ನು ನೋಡಲೇಬೇಕು. ಆದರೆ ನೂಕುನುಗ್ಗಲಿನಲ್ಲಿ ಅಳತೆ ನೋಡಿ, ಹರಳು ಎಣಿಸಿ ಕೊಳ್ಳುವುದಕ್ಕೆ ಅದು ಕಾಲವಲ್ಲ. ವಾರದ ನಡುವಿನ ದಿನದ ಬೆಳಗ್ಗೆ ಬಂದವರಿಗೆ ಅಂಗಡಿಯವನ ಗಮನವೂ ಸಿಗುತ್ತದೆ, ಕುಲುಮೆಯ ಮುಂದೆ ನಿಲ್ಲಲು ಜಾಗವೂ ಸಿಗುತ್ತದೆ.

ಬಳೆಯ ಹೊರತಾಗಿ ಬೀದಿಯಲ್ಲಿ ಮದುವೆಗೆ ಸಂಬಂಧಿಸಿದ ಮಿಕ್ಕ ಸಾಮಾನುಗಳೂ ಇವೆ: ಆರು ಗಜದ ದುಪಟ್ಟಾ ಇರುವ ಹೈದರಾಬಾದಿ ಮದುವೆ ಉಡುಪು ಖಡಾ ದುಪಟ್ಟಾ, ಜರ್ದೋಜಿ ಕೆಲಸದ ಬಟ್ಟೆ, ಸುರ್ಮಾ, ಮೆಹಂದಿ, ಅತ್ತರು. ಲಗ್ನಪತ್ರಿಕೆಗಾದರೆ ಛತ್ತಾ ಬಜಾರಿನ ಮುದ್ರಣದ ಗಲ್ಲಿಗೆ ಹೋಗಬೇಕು. ಉರ್ದು ಸುಂದರ ಬರಹಗಾರರ ನೆಲೆ ಅದು.

ಇತ್ತೀಚಿನ ವರ್ಷಗಳಲ್ಲಿ ದೊಡ್ಡ ನಗರಗಳ ಅಂಚಿನಲ್ಲಿ ಔಟ್‌ಲೆಟ್ ಮಾಲ್‌ಗಳು, ಫ್ಯಾಕ್ಟರಿ ಔಟ್‌ಲೆಟ್‌ಗಳು ಬಂದಿವೆ. ಬೆಂಗಳೂರಿನ ಮಾರತ್ತಹಳ್ಳಿ ಒಂದು ಕಾಲಕ್ಕೆ ಇದರಿಂದಲೇ ಹೆಸರಾಗಿತ್ತು. ಅಮೆರಿಕದಲ್ಲಿ 1970ರ ದಶಕದಲ್ಲಿ ಗಿರಣಿ ಊರುಗಳಿಂದ ಹರಡಿದ ಈ ಪದ್ಧತಿಯ ತಿರುಳು ಸರಳ: ಹಂಗಾಮು ಮುಗಿದ, ಹೆಚ್ಚು ಉಳಿದ, ಸಣ್ಣ ದೋಷವಿರುವ ಸರಕನ್ನು ಬಾಡಿಗೆ ಕಡಿಮೆ ಇರುವ ಕಡೆ ಇಟ್ಟು ಸೋವಿಯಾಗಿ ಮಾರುವುದು. ಕಾರ್ಖಾನೆಯಿಂದ ನೇರವಾಗಿ ನಿಮ್ಮ ಕೈಗೆ ಎಂಬುದು ಅದರ ಭರವಸೆ. ಅಲ್ಲಿ ಚೀಟಿಯ ಮೇಲೆ ಬೆಲೆ ಖಚಿತ, ತಂಪು ಹವೆ ಇದೆ, ವಸ್ತು ಹಿಂತಿರುಗಿಸಲು ಅವಕಾಶವಿದೆ. ವಯಸ್ಸಾದವರಿಗೂ ಮಕ್ಕಳೊಂದಿಗೆ ಬಂದವರಿಗೂ ಇವು ಸಣ್ಣ ಅನುಕೂಲಗಳಲ್ಲ. ಆದರೆ ಅಲ್ಲಿ ಕಾರ್ಖಾನೆ ಎಂಬುದು ಫಲಕದ ಮೇಲಿನ ಮಾತು; ಮಾಡಿದವರನ್ನು ಗಿರಾಕಿ ಕಾಣುವುದಿಲ್ಲ, ತನ್ನ ಅಳತೆ ಹೇಳಲಾಗುವುದಿಲ್ಲ, ಮಾಡಿಟ್ಟದ್ದರಲ್ಲಿ ಆರಿಸಿಕೊಳ್ಳಬೇಕು. ಲಾಡ್ ಬಜಾರಿನಲ್ಲಿ ಗಿರಾಕಿಯ ಮಾತು ಕುಲುಮೆಯವರೆಗೆ ಮುಟ್ಟುತ್ತದೆ. ಆ ಹರಳು ಬೇಡ, ಈ ಹಸಿರು ಇನ್ನೊಂದು ಛಾಯೆ ಗಾಢವಾಗಲಿ ಎಂದರೆ ಅದು ಅಂದೇ, ಹೆಚ್ಚೆಂದರೆ ಮರುದಿನ ಆಗುತ್ತದೆ. ಮಾಲಿನ ಸೌಕರ್ಯ ಹಳೆಯ ಪೇಟೆಗೂ ಬರಬೇಕು. ಶುಚಿಯಾದ ಶೌಚಾಲಯ, ಕೂರಲು ನೆರಳಿನ ಜಾಗ, ಕುಡಿಯುವ ನೀರು ಇಲ್ಲಿಗೆ ಬರುವ ಹೆಂಗಸರ ಹಕ್ಕು. ಆದರೆ ಆ ಸೌಕರ್ಯದ ಹೆಸರಿನಲ್ಲಿ ಕುಲುಮೆಯನ್ನು ಬೀದಿಯಿಂದ ಎತ್ತಿ ಹಾಕಿದರೆ ಉಳಿಯುವುದು ಇನ್ನೊಂದು ಅಂಗಡಿ ಸಾಲು ಮಾತ್ರ.

ಆ ಅಪಾಯ ಕಲ್ಪನೆಯದಲ್ಲ. ಯಂತ್ರದಲ್ಲಿ ಅಚ್ಚು ಹಾಕಿದ ಲೋಹದ ಬಳೆಗೆ ಅಂಟಿನಿಂದ ಹರಳು ಮೆತ್ತಿದ ಸರಕು ಅರಗಿನ ಬಳೆಯ ಪಕ್ಕದಲ್ಲೇ, ಅದೇ ಹೊಳಪಿನಲ್ಲಿ, ಅರ್ಧ ಬೆಲೆಗೆ ಕೂತಿದೆ. ಗುರುತಿಸುವುದು ಕಷ್ಟವಲ್ಲ. ಅರಗಿನ ಬಳೆಗಳು ಒಂದಕ್ಕೊಂದು ತಗುಲಿದರೆ ಮಂದವಾದ ಸದ್ದು, ಲೋಹದ ಠಣತ್ಕಾರ ಇರುವುದಿಲ್ಲ. ಕೈಯಿಂದ ಒತ್ತಿದ ಹರಳಿನ ಸುತ್ತ ಅರಗು ಸಣ್ಣ ಅಂಚಾಗಿ ಎದ್ದು ಹರಳನ್ನು ಕಚ್ಚಿಕೊಂಡಿರುತ್ತದೆ. ಅಂಟಿಸಿದ ಹರಳು ಮೇಲ್ಮೈಯಲ್ಲಿ ಕೂತಿರುತ್ತದೆ, ಉಗುರು ತಾಗಿಸಿದರೆ ಅಲುಗೀತು. ಸಾಲುಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೆ ಅದು ದೋಷವಲ್ಲ, ಕೈಯ ಗುರುತು. 2024ರಲ್ಲಿ ಹೈದರಾಬಾದಿನ ಅರಗಿನ ಬಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಈ ಊರಿನ ಹಲೀಮಿಗೆ ಅದು 2010ರಲ್ಲೇ ಸಿಕ್ಕಿತ್ತು. ಮಾನ್ಯತೆ ಹೆಸರನ್ನು ಕಾಪಾಡುತ್ತದೆ. ಕೂಲಿಯನ್ನು ಹೆಚ್ಚಿಸುವುದು ಕೊಳ್ಳುವವರ ತಿಳಿವಳಿಕೆ.

ಹೇಳದೆ ಬಿಡಲಾಗದ ಇನ್ನೊಂದು ಸಂಗತಿ ಇದೆ. 2015ರ ಜನವರಿಯಲ್ಲಿ ಪೊಲೀಸರು ಹಳೆಯ ನಗರದ ಬಳೆ ತಯಾರಿಕೆಯ ಕೋಣೆಗಳಿಂದ ಇನ್ನೂರಕ್ಕೂ ಹೆಚ್ಚು ಮಕ್ಕಳನ್ನು ಬಿಡಿಸಿದರು; ಬಹುಪಾಲು ಬಿಹಾರದಿಂದ ಕರೆತಂದವರು. ಗಾಳಿ ಬೆಳಕಿಲ್ಲದ ಕೋಣೆಯಲ್ಲಿ ಅರಗಿನ ಹೊಗೆಯ ನಡುವೆ ಹರಳು ಕೂರಿಸುತ್ತಿದ್ದ ಆ ಎಳೆಯ ಕೈಗಳ ಬಳೆಗಳೂ ಇಂಥ ಪೇಟೆಗಳಲ್ಲೇ ಮಾರಾಟವಾಗಿದ್ದವು. ನಂಬಲಾಗದಷ್ಟು ಅಗ್ಗದ ಕೈಕೆಲಸ ಕಂಡಾಗ, ಯಾರು ಮಾಡಿದ್ದು ಎಂದು ಕೇಳುವ ಅಧಿಕಾರ ಗಿರಾಕಿಗಿದೆ. ಎದುರಿನಲ್ಲೇ ಕೂತು ಕೆಲಸ ಮಾಡುವ ಕಸಬುದಾರನ ಅಂಗಡಿ ಆ ಪ್ರಶ್ನೆಗೆ ಸುಲಭವಾಗಿ ಉತ್ತರ ಕೊಡುತ್ತದೆ.

ಕೊಂಡ ಬಳೆಯನ್ನು ಜೋಪಾನ ಮಾಡುವುದಕ್ಕೂ ಕ್ರಮವಿದೆ. ಅರಗಿಗೆ ಶಾಖ ಆಗದು. ಒಲೆಯ ಮುಂದೆ, ಬಿಸಿನೀರಿನ ಸ್ನಾನಕ್ಕೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಈ ಬಳೆ ಇರಬಾರದು. ಶಾಖಕ್ಕಿಂತ ದೊಡ್ಡ ಶತ್ರು ಆಲ್ಕೋಹಾಲು, ಅರಗು ಅದರಲ್ಲಿ ಕರಗುತ್ತದೆ. ಸ್ಪ್ರೇ ಸುಗಂಧ, ಕೈಗೆ ಹಚ್ಚುವ ಸ್ಯಾನಿಟೈಸರ್ ತಾಗಿದರೆ ಹೊಳಪು ಮಂಕಾಗಿ ಹರಳು ಸಡಿಲಾಗುತ್ತದೆ. ಎಣ್ಣೆಯಲ್ಲಿ ಇಳಿಸಿದ ಅತ್ತರಿನಿಂದ ಆ ತೊಂದರೆ ಇಲ್ಲ. ತೊಟ್ಟು ಬಿಚ್ಚಿದ ಮೇಲೆ ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿ, ಒಂದೊಂದನ್ನೂ ಹತ್ತಿಯ ನಡುವೆ ಇಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ. ಹರಳು ಉದುರಿದರೆ ಎಸೆಯಬೇಕಿಲ್ಲ. ಬಿದ್ದ ಹರಳನ್ನೂ ಎತ್ತಿಟ್ಟುಕೊಂಡು ಮುಂದಿನ ಸಲ ಹೈದರಾಬಾದಿಗೆ ಹೋಗುವಾಗ ಬಳೆಯ ಜೊತೆ ಒಯ್ದರೆ, ಕುಲುಮೆಯ ಮುಂದೆ ಕೂತವನು ಅರಗನ್ನು ತುಸು ಕಾಯಿಸಿ ಅದೇ ಹರಳನ್ನು ಅದೇ ಜಾಗದಲ್ಲಿ ಒತ್ತಿ ಕೊಡುತ್ತಾನೆ. ಸೀಳು ಬಿಟ್ಟ ಬಳೆಯನ್ನೂ ಹೀಗೆಯೇ ಬೆಸೆಯಬಹುದು. ಪೂರ್ತಿ ಚೂರಾಗಿದ್ದರೆ ಅರಗನ್ನು ಮತ್ತೆ ಕರಗಿಸಿ ಹೊಸ ಬಳೆಯ ಒಳತಿರುಳಿಗೆ ಸೇರಿಸುತ್ತಾರೆ.